ದೂರದ ರೈಲು ಪ್ರಯಾಣಕ್ಕೆ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಒಯ್ಯುವುದು ಹೇಗೆ?

ಕುವೆಂಪುನಗರದ ಮೊಮ್ಮಗ (ಮೈಸೂರು)

ಎಲ್ಲರಿಗೂ ನಮಸ್ಕಾರ. ಬರುವ ಮೇ ತಿಂಗಳಲ್ಲಿ ನಮ್ಮ ಅಜ್ಜಿಯನ್ನು ಮೈಸೂರಿನಿಂದ ವಾರಾಣಸಿಗೆ ರೈಲಿನಲ್ಲಿ ಕರೆದುಕೊಂಡು ಹೋಗುವವರಿದ್ದೇವೆ. ಅವರು ಮಂಡ್ಯದ ಕಡೆಯ ಹಳ್ಳಿಯಲ್ಲಿ ಬಾಳಿದವರು. ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಳ್ಳದೆ ಅವರಿಗೆ ಊಟ ಮುಗಿದಂತೆ ಆಗುವುದಿಲ್ಲ. ಊರಿನ ಎಲೆಯೇ ಬೇಕು, ತಮ್ಮ ಅಡಿಕೆಯೇ ಬೇಕು, ಸುಣ್ಣವೂ ಮನೆಯದೇ ಆಗಬೇಕು ಎಂಬುದು ಅವರ ಹಟ. ಜೊತೆಗೆ ಚೂರು ಹೊಗೆಸೊಪ್ಪೂ ಉಂಟು.

ರೈಲಿನಲ್ಲಿಯೇ ಎರಡು ರಾತ್ರಿ ಕಳೆಯಬೇಕು, ಅದೂ ಕಡುಬೇಸಿಗೆಯಲ್ಲಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಎಲೆ ಒಂದು ದಿನದಲ್ಲಿ ಬೆಂದಂತಾಗುತ್ತದೆ, ಡಬ್ಬಿಯ ಸುಣ್ಣ ಗಟ್ಟಿಯಾಗುತ್ತದೆ, ಹೊಗೆಸೊಪ್ಪಿನ ಘಾಟು ಅಡಿಕೆಗೆ ಹತ್ತುತ್ತದೆ. ಇವೆಲ್ಲವನ್ನೂ ಒಟ್ಟಿಗೆ ಒಯ್ದರೂ ಒಂದರಿಂದ ಇನ್ನೊಂದು ಕೆಡದಂತೆ ನೋಡಿಕೊಳ್ಳುವ ಕ್ರಮವನ್ನು ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಎಲೆ ಮಂಡಿಯವರು (ದೇವರಾಜ ಮಾರುಕಟ್ಟೆ, ಮೈಸೂರು)

ನಿಮ್ಮ ಅಜ್ಜಿಯವರ ಹಟದಲ್ಲಿ ನ್ಯಾಯವಿದೆ. ಮೈಸೂರು ವೀಳ್ಯದೆಲೆಗೆ ಜಿಐ (ಭೌಗೋಳಿಕ ಸೂಚಕ, ಅಂದರೆ ಆಯಾ ಊರಿನ ವಿಶೇಷ ಬೆಳೆಯೆಂಬ) ಮಾನ್ಯತೆ ಸಿಕ್ಕಿರುವುದು ಅದರ ಹೃದಯದಾಕಾರಕ್ಕೂ ನಯವಾದ ಮೈಗೂ ಹದವಾದ ಖಾರಕ್ಕೂ. ಒಂದು ಕಾಲಕ್ಕೆ ಪೂರ್ಣಯ್ಯನ ಛತ್ರದ ಕಡೆಯಿಂದ ವಿದ್ಯಾರಣ್ಯಪುರದವರೆಗೆ, ನಂಜನಗೂಡು ರಸ್ತೆಯನ್ನು ಕೂಡುವ ತನಕ ಹಬ್ಬಿದ್ದ ಎಲೆತೋಟಗಳಲ್ಲಿ ಬೆಳೆಯುತ್ತಿದ್ದ ಎಲೆ ಇದು. ಆದರೆ ಆ ನಯವೇ ಪ್ರಯಾಣದಲ್ಲಿ ತೊಂದರೆ ಕೊಡುತ್ತದೆ, ಏಕೆಂದರೆ ದಪ್ಪ ಎಲೆ ತಾಳಿದಷ್ಟು ಹೊತ್ತು ಮೃದು ಎಲೆ ಬಿಸಿಗಾಳಿಯನ್ನು ತಾಳುವುದಿಲ್ಲ.

ಬಳ್ಳಿಯಿಂದ ಕಿತ್ತ ಮೇಲೂ ಎಲೆ ಉಸಿರಾಡುತ್ತಲೇ ಇರುತ್ತದೆ, ತನ್ನೊಳಗಿನ ನೀರನ್ನು ಬಿಡುತ್ತಲೇ ಇರುತ್ತದೆ. ಒತ್ತಾಗಿ ಕಟ್ಟಿ ಗಾಳಿಯಾಡದ ಚೀಲಕ್ಕೆ ತುಂಬಿದರೆ ಕಟ್ಟಿನ ನಡುವೆ ಶಾಖ ಏರುತ್ತದೆ, ಬಿಟ್ಟ ನೀರು ಎಲೆಯ ಮೈಮೇಲೆಯೇ ನಿಲ್ಲುತ್ತದೆ, ಆಮೇಲೆ ಕೊಳೆತ ಆರಂಭವಾಗುತ್ತದೆ. ಹಾಗೆಂದು ತೆರೆದಿಟ್ಟರೆ ಮೇ ತಿಂಗಳ ಗಾಳಿಗೆ ಮಧ್ಯಾಹ್ನದೊಳಗೆ ಬಾಡಿ ಜೋತುಬೀಳುತ್ತದೆ. ಆದ್ದರಿಂದ ಎಲೆಗೆ ತಂಪೂ ಬೇಕು, ಗಾಳಿಯೂ ಬೇಕು. ನೀರು ಮಾತ್ರ ನಿಲ್ಲಬಾರದು.

ಹೊರಡುವ ದಿನವೇ ಬೆಳಿಗ್ಗೆ ಎಲೆ ಕೊಳ್ಳಿ. ತೀರ ಎಳೆಯದೂ ಬೇಡ, ಬಲಿತು ಒರಟಾದದ್ದೂ ಬೇಡ, ತೊಟ್ಟು ಇರಲೇಬೇಕು. ಹರಿದದ್ದು, ಚುಕ್ಕೆ ಬಿದ್ದದ್ದು, ಅಂಚು ಹಳದಿಯಾದದ್ದು ಇದ್ದರೆ ಅಂಗಡಿಯಲ್ಲೇ ತೆಗೆಸಿಬಿಡಿ, ಏಕೆಂದರೆ ಒಂದು ಕೊಳೆತ ಎಲೆ ತನಗೆ ತಗುಲಿಕೊಂಡಿರುವ ಎಲೆಗಳನ್ನೆಲ್ಲ ಕೆಡಿಸುತ್ತದೆ. ಮನೆಗೆ ತಂದು ತೊಳೆದಿಡುವ ಅಭ್ಯಾಸ ಹಲವರಿಗಿದೆ. ಪ್ರಯಾಣಕ್ಕೆ ಅದು ಸಲ್ಲದು. ತೊಳೆಯುವುದು, ಒರೆಸುವುದು ಹಾಕಿಕೊಳ್ಳುವ ಹೊತ್ತಿಗೆ ಮಾತ್ರ. ಹಳೆಯ ಹತ್ತಿಬಟ್ಟೆಯನ್ನು ನೆನೆಸಿ, ತೊಟ್ಟಿಕ್ಕದಂತೆ ಬಿಗಿಯಾಗಿ ಹಿಂಡಿ, ಎಲೆಯನ್ನು ಸಡಿಲವಾಗಿ ಜೋಡಿಸಿ ಸುತ್ತಿ, ಅದರ ಮೇಲೆ ಬಾಳೆ ಎಲೆಯನ್ನೋ ಬಾಳೆಪಟ್ಟೆಯನ್ನೋ ಸುತ್ತಿ ನಾರಿನಿಂದ ಕಟ್ಟಿ. ಇದನ್ನು ಸಣ್ಣ ಬಿದಿರ ಬುಟ್ಟಿಯಲ್ಲಿಟ್ಟು ಕೆಳ ಬರ್ತಿನ ಅಡಿಯಲ್ಲಿ, ಬಿಸಿಲು ಬೀಳದ ಕಡೆ ಇಡಿ. ಮೇಲೆ ಪೆಟ್ಟಿಗೆಯನ್ನು ಹೇರಬೇಡಿ. ಬೆಳಿಗ್ಗೆ ಎದ್ದಾಗಲೊಮ್ಮೆ, ಸಂಜೆಯೊಮ್ಮೆ ಬಿಚ್ಚಿ ಕೆಟ್ಟದ್ದನ್ನು ಹೆಕ್ಕಿ ತೆಗೆದು ಬಟ್ಟೆ ಒಣಗಿದ್ದರೆ ಮತ್ತೆ ನೆನೆಸಿ ಹಿಂಡಿ ಸುತ್ತಿ. ಏಸಿ ಬೋಗಿಯಾದರೆ ಅಲ್ಲಿನ ಒಣಗಾಳಿಗೆ ಬಟ್ಟೆ ಇನ್ನೂ ಬೇಗ ಒಣಗುತ್ತದೆ ಎಂಬುದು ನೆನಪಿರಲಿ.

ಸರಸ್ವತಿಪುರಂ ಗೃಹಿಣಿ

ಮಂಡಿಯವರ ಮಾತಿಗೆ ಒಂದು ಪ್ರಶ್ನೆ ಸೇರಿಸುತ್ತೇನೆ. ವರಮಹಾಲಕ್ಷ್ಮಿ, ಗೌರಿ ಹಬ್ಬದ ಸಮಯದಲ್ಲಿ ಬೆಲೆ ಏರುವುದರಿಂದ ಮೊದಲೇ ತಂದು ಫ್ರಿಜ್ಜಿನಲ್ಲಿಡುತ್ತೇವೆ. ಕೆಲವೊಮ್ಮೆ ಎಲೆ ಚೆನ್ನಾಗಿಯೇ ಇರುತ್ತದೆ, ಕೆಲವೊಮ್ಮೆ ಕಪ್ಪು ಕಲೆ ಬೀಳುತ್ತದೆ. ಇದಕ್ಕೆ ಕಾರಣವೇನು?

ಎಲೆ ಮಂಡಿಯವರು

ಅಮ್ಮ, ವೀಳ್ಯದೆಲೆ ಬೆಚ್ಚನೆಯ ನಾಡಿನ ಬಳ್ಳಿ. ಅತಿಯಾದ ಚಳಿಯನ್ನು ಅದು ತಡೆಯುವುದಿಲ್ಲ. ಫ್ರೀಜರಿನ ಕೆಳಗಿನ ತಟ್ಟೆಯಲ್ಲಿಯೋ ಹಿಂಬದಿಯ ಗೋಡೆಗೆ ತಾಗಿಸಿಯೋ ಇಟ್ಟ ಎಲೆಗೆ ಚಳಿಯೇ ಏಟು ಕೊಟ್ಟು ಕಲೆ ಬೀಳಿಸುತ್ತದೆ. ತರಕಾರಿ ಇಡುವ ಕೆಳಗಿನ ಡ್ರಾಯರಿನಲ್ಲಿ, ಒಣಬಟ್ಟೆಯಲ್ಲಿ ಸುತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿಟ್ಟರೆ ಹಬ್ಬಕ್ಕೆ ಬೇಕಾದಷ್ಟು ದಿನ ತಾಳುತ್ತದೆ. ಮಾಗಿದ ಬಾಳೆಹಣ್ಣು, ಮಾವಿನಹಣ್ಣಿನ ಪಕ್ಕದಲ್ಲಿ ಇಡಬೇಡಿ. ಹಣ್ಣು ಬಿಡುವ ಎಥಿಲೀನ್ ಅನಿಲದಿಂದ ಹಸಿರೆಲೆ ಬೇಗ ಹಳದಿಯಾಗುತ್ತದೆ. ರೈಲಿನ ಬುಟ್ಟಿಗೂ ಇದೇ ಎಚ್ಚರಿಕೆ ಬೇಕು, ಏಕೆಂದರೆ ಮೇ ತಿಂಗಳಲ್ಲಿ ಮಾವಿನಹಣ್ಣಿಲ್ಲದೆ ಯಾರೂ ಪ್ರಯಾಣ ಹೊರಡುವುದಿಲ್ಲ.

ನಿವೃತ್ತ ರಸಾಯನಶಾಸ್ತ್ರ ಮೇಷ್ಟ್ರು (ಮಂಡ್ಯ)

ಸುಣ್ಣದ ವಿಷಯವನ್ನು ನಾನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಈ ನಾಲ್ಕು ಪದಾರ್ಥಗಳಲ್ಲಿ ಅಜಾಗರೂಕತೆಯಿಂದ ಒಡನೆಯೇ ಅಪಾಯ ಮಾಡುವುದರಲ್ಲಿ ಇದೂ ಒಂದು.

ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಅದು ಕುದಿದು ಅರಳಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗುತ್ತದೆ. ನಾವು ಎಲೆಗೆ ಹಚ್ಚುವುದು ಇದನ್ನೇ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅದಕ್ಕೆ ಸೋಕುತ್ತಲೇ ಇದ್ದರೆ ಮೇಲ್ಪದರ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಅಂದರೆ ಸುಣ್ಣದಕಲ್ಲಿನ ರೂಪಕ್ಕೇ ಮರಳಿ ಹೆಪ್ಪುಗಟ್ಟುತ್ತದೆ. ಹೀಗೆ ಗಟ್ಟಿಯಾದದ್ದಕ್ಕೆ ನೀರು ಹಾಕಿ ಎಷ್ಟು ಕಲಸಿದರೂ ಹಳೆಯ ಗುಣ ಬರುವುದಿಲ್ಲ. ನೀರು ಆರಿ ಮಂದವಾದದ್ದಾದರೆ ಮಾತ್ರ ನೀರು ಬೆರೆಸಿ ಸರಿಪಡಿಸಬಹುದು. ಮನೆಯ ಸುಣ್ಣದ ಭರಣಿಯಲ್ಲಿ ಸುಣ್ಣದ ಮೇಲೆ ಸದಾ ಒಂದು ಬೆರಳು ನೀರು ನಿಂತಿರಬೇಕೆಂದು ಹಿರಿಯರು ನೋಡಿಕೊಳ್ಳುತ್ತಿದ್ದುದು ಗಾಳಿಯನ್ನು ದೂರವಿಡುವುದಕ್ಕೇ. ಪ್ರಯಾಣದಲ್ಲಿ ಅಷ್ಟು ನೀರು ತುಳುಕುತ್ತದೆಯಾದ್ದರಿಂದ ಬಾಯಿ ಕಿರಿದಾದ ಸಣ್ಣ ಡಬ್ಬಿಯಲ್ಲಿ ಅಂಚಿನವರೆಗೂ ಸುಣ್ಣ ತುಂಬಿ, ಒಳಗೆ ಗಾಳಿಗೆ ಎಡೆಯಿಲ್ಲದಂತೆ ತಿರುಪಿನ ಮುಚ್ಚಳ ಬಿಗಿಯಬೇಕು. ಹಿತ್ತಾಳೆಯ ಅಥವಾ ಬೆಳ್ಳಿಯ ಸುಣ್ಣದ ಕಾಯಿಯನ್ನು ಅಷ್ಟು ಚಿಕ್ಕದಾಗಿ ಮಾಡಿರುವುದರಲ್ಲಿ ಈ ಲೆಕ್ಕವೇ ಇದೆ ಎಂದು ನಾನು ಭಾವಿಸುತ್ತೇನೆ.

ಅಲ್ಯೂಮಿನಿಯಂ ಡಬ್ಬಿಯಲ್ಲಿ ಸುಣ್ಣವನ್ನು ಎಂದಿಗೂ ಇಡಬಾರದು. ಸುಣ್ಣ ಕ್ಷಾರ, ಅಲ್ಯೂಮಿನಿಯಂ ಅನ್ನು ತಿನ್ನುತ್ತಾ ಹೋಗುತ್ತದೆ, ಹಾಗೆ ತಿನ್ನುವಾಗ ಹೈಡ್ರೋಜನ್ ಅನಿಲ ಹೊರಬರುತ್ತದೆ. ಡಬ್ಬಿ ತೂತಾಗುತ್ತದೆ, ಲೋಹ ಸುಣ್ಣದಲ್ಲಿ ಸೇರುತ್ತದೆ. ಗಾಜು, ಪಿಂಗಾಣಿ ಅಥವಾ ಒಳ್ಳೆಯ ಪ್ಲಾಸ್ಟಿಕ್ ಸುರಕ್ಷಿತ.

ಈಗ ಅಪಾಯದ ಮಾತು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಪೊಟ್ಟಣದ ಅಥವಾ ಟ್ಯೂಬಿನ ಸುಣ್ಣವನ್ನು ಮಕ್ಕಳು ಹಿಸುಕಿದಾಗ ಅದು ಸಿಡಿದು ಕಣ್ಣಿಗೆ ಬೀಳುವುದುಂಟು. ಕಣ್ಣಿಗೆ ಬಿದ್ದ ಕ್ಷಾರ ಆಮ್ಲಕ್ಕಿಂತಲೂ ಆಳಕ್ಕೆ ಇಳಿಯುತ್ತದೆ; ದೃಷ್ಟಿಯೇ ಹೋಗಬಹುದು. ಅಂಥ ಸಂದರ್ಭದಲ್ಲಿ ಕ್ಷಣವೂ ತಡಮಾಡದೆ ಧಾರಾಳವಾಗಿ ಶುದ್ಧ ನೀರನ್ನು ಸುರಿಯುತ್ತಾ, ರೆಪ್ಪೆಯನ್ನು ಅಗಲಿಸಿ ಹಿಡಿದು, ಕನಿಷ್ಠ 15ರಿಂದ 30 ನಿಮಿಷ ತೊಳೆದು, ಒಳಗೆ ಸಿಕ್ಕಿಕೊಂಡಿರುವ ಸುಣ್ಣದ ಚೂರನ್ನು ತೆಗೆಸಲು ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಮಕ್ಕಳೂ ಜೊತೆಯಲ್ಲಿ ಬರುವುದಾದರೆ ಪೊಟ್ಟಣದ ಸುಣ್ಣವನ್ನು ಒಯ್ಯಲೇಬೇಡಿ. ತಿರುಪು ಮುಚ್ಚಳದ ಡಬ್ಬಿ ಅಜ್ಜಿಯವರ ಕೈಯಲ್ಲೇ ಇರಲಿ.

ಸಂತೇಪೇಟೆಯ ಅಡಿಕೆ ವ್ಯಾಪಾರಿ (ಮೈಸೂರು)

ಎಲೆ ಒಣಗಿದರೆ ಕೆಡುತ್ತದೆ, ಅಡಿಕೆ ತೇವ ಹಿಡಿದರೆ ಕೆಡುತ್ತದೆ. ಆದ್ದರಿಂದ ಎಲೆಯ ಒದ್ದೆಬಟ್ಟೆಯ ಹತ್ತಿರ ಅಡಿಕೆಯನ್ನು ಇಡಲೇಬಾರದು.

ಮಲೆನಾಡಿನ ಬೇಯಿಸಿದ ಕೆಂಪಡಿಕೆಯಾಗಲಿ, ಕರಾವಳಿಯ ಬಿಸಿಲಲ್ಲಿ ಒಣಗಿದ ಚಾಲಿಯಾಗಲಿ ತೇವ ಕುಡಿದರೆ ಬೂಷ್ಟು ಬರುತ್ತದೆ. ಆಸ್ಪರ್ಜಿಲಸ್ ಜಾತಿಯ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತಿಗೆ ಹಾನಿ ಮಾಡುತ್ತದೆ. ಬೂಷ್ಟನ್ನು ಒರೆಸಿದರೂ ಅಡಿಕೆಯನ್ನು ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಮುಗ್ಗಲು ವಾಸನೆ ಬಂದ ಅಡಿಕೆಯನ್ನು ಎಸೆಯುವುದೊಂದೇ ದಾರಿ. ಕೊಳ್ಳುವಾಗ ಒಂದೆರಡನ್ನು ಅಡಕತ್ತರಿಯಲ್ಲಿ ಸೀಳಿಸಿ ಒಳಗಿನ ಬಿಳಿ ಗೆರೆ ಸ್ಪಷ್ಟವಾಗಿದೆಯೇ, ಕಪ್ಪಾಗಿದೆಯೇ, ಹುಳು ಕೊರೆದ ಹಿಟ್ಟು ಉದುರುತ್ತದೆಯೇ ಎಂದು ನೋಡಿ. ಮನೆಯ ದಾಸ್ತಾನನ್ನು ಮಳೆಗಾಲಕ್ಕೆ ಮುಂಚೆ ಬಿಸಿಲಿಗೆ ಹಾಕುವುದು ಒಳ್ಳೆಯದು. ಆದರೆ ಬಿಸಿ ಇರುವಾಗಲೇ ಡಬ್ಬಿ ಮುಚ್ಚಿದರೆ ಒಳಗೆ ಹಬೆಯಾಡಿ ಮುಚ್ಚಳದಲ್ಲಿ ಬೆವರು ಮೂಡುತ್ತದೆ, ಆ ಬೆವರೇ ಬೂಷ್ಟಿಗೆ ಮೂಲ. ಪೂರ್ತಿ ಆರಿದ ಮೇಲೆಯೇ ತುಂಬಬೇಕು.

ಪ್ರಯಾಣಕ್ಕೆ ಇಡಿ ಅಡಿಕೆಯನ್ನೇ ಒಯ್ಯಿರಿ. ಪುಡಿ ಮಾಡಿದ ಅಡಿಕೆಗೆ ಗಾಳಿ ತಗುಲುವ ಮೈ ಹೆಚ್ಚು. ತೇವವನ್ನೂ ಪರಿಮಳವನ್ನೂ ಘಾಟನ್ನೂ ಅದು ಬೇಗ ಹೀರುತ್ತದೆ. ಹಲ್ಲು ಗಟ್ಟಿಯಿಲ್ಲದ ಹಿರಿಯರಾದರೆ ಸಣ್ಣ ಕುಟ್ಟಾಣಿಯೊಂದು ಜೊತೆಗಿರಲಿ.

ಮಳವಳ್ಳಿ ಸೀಮೆಯವಳು

ಒಯ್ಯುವ ಪ್ರಶ್ನೆಗೆ ಉತ್ತರ ನಮ್ಮ ಹಳ್ಳಿಗಳ ಎಲೆಯಡಿಕೆ ಸಂಚಿಯಲ್ಲೇ ಇದೆ. ದಯವಿಟ್ಟು ಅದನ್ನು ಹಳೆಯ ಕಾಲದ ವಸ್ತುವೆಂದು ಬದಿಗಿಡಬೇಡಿ. ಸೊಂಟಕ್ಕೆ ಸಿಕ್ಕಿಸಿಕೊಂಡು ಗದ್ದೆಗೂ ಸಂತೆಗೂ ಮೇಲುಕೋಟೆಯ ವೈರಮುಡಿಗೂ ನಡೆದು ಹೋಗುತ್ತಿದ್ದ ಹೆಂಗಸರು ಅದನ್ನು ತಮ್ಮ ಅನುಭವದಿಂದ ರೂಪಿಸಿಕೊಂಡಿದ್ದಾರೆ.

ಒಳ್ಳೆಯ ಸಂಚಿಯನ್ನು ಒಂದೇ ಚೀಲವಾಗಿ ಹೊಲಿಯುವುದಿಲ್ಲ. ಮಗ್ಗದ ದಪ್ಪ ಹತ್ತಿಬಟ್ಟೆಯನ್ನು ಒಳಗೊಂದು ಹೊರಗೊಂದು ಮಡಿಕೆಯಾಗಿಸಿ ಬೇರೆ ಬೇರೆ ಅರೆಗಳನ್ನು ಮಾಡಿ, ಬಾಯಿಗೆ ದಾರ ಪೋಣಿಸುತ್ತಾರೆ. ಎರಡು ಕಡೆಯ ದಾರವನ್ನು ಎಳೆದರೆ ಬಾಯಿ ಪೂರ್ತಿ ಮುಚ್ಚುತ್ತದೆ. ಅಗಲವಾದ ಅರೆ ಎಲೆಗೆ, ನಡುವಿನದು ಅಡಿಕೆಗೆ, ಒಳಗಿನ ಸಣ್ಣದು ಲವಂಗ, ಕಾಚು ಅಥವಾ ಚಿಲ್ಲರೆ ಕಾಸಿಗೆ. ಸುಣ್ಣದ ಕಾಯಿಯನ್ನು ಒಳಗೆ ಹಾಕದೆ ಸರಪಳಿಯಿಂದ ಹೊರಗೆ ತೂಗುಬಿಡುತ್ತಾರೆ, ಮುಚ್ಚಳ ಸಡಿಲವಾದರೂ ಸುಣ್ಣ ಎಲೆಗೆ ಮೆತ್ತಿಕೊಳ್ಳಬಾರದೆಂದು. ಹತ್ತಿಬಟ್ಟೆಯಲ್ಲಿ ಗಾಳಿಯಾಡುವುದರಿಂದ ಎಲೆ ಬೇಯುವುದಿಲ್ಲ, ಅಡಿಕೆ ಬೆವರುವುದಿಲ್ಲ. ಈಗ ಮಾರುವ ರೆಕ್ಸಿನ್ ಮತ್ತು ಜಿಪ್ಪಿನ ಚೀಲಗಳು ನೋಡಲು ಅಂದವಾಗಿದ್ದರೂ ಈ ಗುಣ ಅವುಗಳಲ್ಲಿಲ್ಲ. ಎಲೆ ಒಳಗೇ ಬೇಯುತ್ತದೆ.

ಸಂಚಿಯಲ್ಲಿ ಆ ದಿನಕ್ಕೆ ಬೇಕಾದಷ್ಟು ಮಾತ್ರ ಇರಬೇಕು. ಉಳಿದ ದಾಸ್ತಾನು ಮಂಡಿಯವರು ಹೇಳಿದಂತೆ ಬುಟ್ಟಿಯಲ್ಲಿರಲಿ. ಬೆಳಿಗ್ಗೆ ಬುಟ್ಟಿಯಿಂದ ಸಂಚಿಗೆ ತುಂಬಿಕೊಟ್ಟರೆ ಅಜ್ಜಿಯವರು ಪ್ರತಿ ಬಾರಿಯೂ ದೊಡ್ಡ ಕಟ್ಟನ್ನು ಬಿಚ್ಚಬೇಕಾಗುವುದಿಲ್ಲ, ಅವರ ಕೈಗೂ ಅಭ್ಯಾಸದ ವಸ್ತು ಸಿಕ್ಕಂತಾಗುತ್ತದೆ.

ದಂತವೈದ್ಯೆ (ಮೈಸೂರು)

ಚರ್ಚೆಗೆ ಅಡ್ಡಿಪಡಿಸುವ ಉದ್ದೇಶ ನನಗಿಲ್ಲ, ಆದರೆ ವೈದ್ಯೆಯಾಗಿ ಸುಮ್ಮನಿರಲಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಪದಾರ್ಥಗಳ ಸಾಲಿಗೆ ಸೇರಿಸಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚುತ್ತದೆ. ಬಾಯಿ ತೆರೆಯಲು ಕಷ್ಟವಾಗುವುದು, ಖಾರ ತಿಂದರೆ ಉರಿಯುವುದು, ವಾಸಿಯಾಗದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ ಇವುಗಳಲ್ಲಿ ಒಂದಾದರೂ ಅಜ್ಜಿಯವರಿಗೆ ಇದ್ದರೆ ಪ್ರಯಾಣಕ್ಕೆ ಮುಂಚೆಯೇ ತೋರಿಸಿ. ಅವರ ವಯಸ್ಸಿನಲ್ಲಿ ಎಲ್ಲವನ್ನೂ ಬಿಡಿಸುವುದು ಕಷ್ಟವೆಂದು ನನಗೆ ತಿಳಿದಿದೆ. ಹೊಗೆಸೊಪ್ಪನ್ನಾದರೂ ಬಿಡಿಸಲು ಪ್ರಯತ್ನಿಸಿ, ಎಲೆಯನ್ನು ಕೆನ್ನೆಯಲ್ಲಿ ಒತ್ತಿಟ್ಟುಕೊಂಡು ಮಲಗುವ ಅಭ್ಯಾಸವಿದ್ದರೆ ಅದನ್ನು ಮೊದಲು ನಿಲ್ಲಿಸಿ.

ಕುವೆಂಪುನಗರದ ಮೊಮ್ಮಗ

ವೈದ್ಯೆಯವರಿಗೆ ಕೃತಜ್ಞತೆಗಳು. ಮುಂದಿನ ವಾರವೇ ತೋರಿಸುತ್ತೇವೆ. ಹೊಗೆಸೊಪ್ಪಿನ ವಿಷಯದಲ್ಲಿ ಅಜ್ಜಿ ಕಡಿಮೆ ಮಾಡಲು ಒಪ್ಪಿದ್ದಾರೆ, ಬಿಡಲು ಇನ್ನೂ ಒಪ್ಪಿಲ್ಲ. ಹಾಗಾಗಿ ಸ್ವಲ್ಪವಾದರೂ ಜೊತೆಗಿರುತ್ತದೆ. ಅದನ್ನು ಹೇಗೆ ಇಡಬೇಕು? ನಮ್ಮ ಚಿಕ್ಕಪ್ಪನವರಿಗೆ ಪೈಪು ಸೇದುವ ಅಭ್ಯಾಸವಿದೆ. ತಮ್ಮ ಪುಡಿ ಒಣಗದಿರಲೆಂದು ಸೇಬಿನ ಹೋಳೊಂದನ್ನು ಡಬ್ಬಿಯಲ್ಲಿ ಇಡುತ್ತಾರೆ. ಹೊಗೆಸೊಪ್ಪಿಗೂ ಹಾಗೆ ಮಾಡಬಹುದೇ?

ಪಿರಿಯಾಪಟ್ಟಣದ ಬೆಳೆಗಾರ

ಸೇಬಿನ ಹೋಳು ಬೇಡ, ಆಲೂಗೆಡ್ಡೆಯ ಹೋಳೂ ಬೇಡ. ಹಸಿ ಹಣ್ಣು ತೇವವನ್ನು ಕೊಡುವುದರ ಜೊತೆಗೆ ಬೂಷ್ಟಿನ ಬೀಜವನ್ನೂ ಕೊಡುತ್ತದೆ. ಎಷ್ಟು ತೇವ ಕೊಡುತ್ತದೆ ಎಂಬುದೂ ನಮ್ಮ ಹಿಡಿತದಲ್ಲಿರುವುದಿಲ್ಲ. ಚಿಕ್ಕಪ್ಪನವರಿಗೂ ಇದನ್ನು ತಿಳಿಸಿ. ಪೈಪಿನ ಪುಡಿಯನ್ನು ರಬ್ಬರ್ ಬಿರಡೆಯಿರುವ ಸಣ್ಣ ಸಣ್ಣ ಗಾಜಿನ ಭರಣಿಗಳಲ್ಲಿ, ಮೇಲೆ ಖಾಲಿ ಜಾಗ ಉಳಿಯದಂತೆ ತುಂಬಿ ಕತ್ತಲೆಯಲ್ಲಿಟ್ಟರೆ ಬಹುಕಾಲ ಹದ ಕೆಡುವುದಿಲ್ಲ. ಒಂದೇ ದೊಡ್ಡ ಭರಣಿಯನ್ನು ದಿನವೂ ತೆರೆಯುತ್ತಿದ್ದರೆ ಬೇಸಿಗೆಯಲ್ಲಿ ಒಣಗುತ್ತದೆ, ಆಷಾಢದಲ್ಲಿ ತೇವ ಹಿಡಿಯುತ್ತದೆ. ಜೇಬಿನ ಚೀಲದಲ್ಲಿ ಒಂದೆರಡು ದಿನಕ್ಕೆ ಆಗುವಷ್ಟು ಸಾಕು.

ನಮ್ಮ ತಾಲ್ಲೂಕಿನಲ್ಲೂ ಹುಣಸೂರಿನಲ್ಲೂ ನಾವು ಬೆಳೆಯುವುದು ವರ್ಜೀನಿಯಾ ಜಾತಿಯದು. ಬ್ಯಾರನ್ನಿನಲ್ಲಿ (ಎಲೆ ಒಣಗಿಸುವ ಮನೆಯಲ್ಲಿ) ಶಾಖ ಕೊಟ್ಟು ಹದ ಮಾಡಿದ ಆ ಎಲೆ ತಂಬಾಕು ಮಂಡಳಿಯ ಹರಾಜು ಕಟ್ಟೆಗೆ ಹೋಗುತ್ತದೆ. 1984ರಿಂದ ನಮ್ಮ ರಾಜ್ಯದಲ್ಲಿ ಈ ಹರಾಜು ನಡೆಯುತ್ತಿದೆ. ಅದು ಮುಖ್ಯವಾಗಿ ಸಿಗರೇಟಿಗೆ ಹೋಗುವ ಎಲೆ. ಬಾಯಿಗೆ ಹಾಕಿಕೊಳ್ಳುವ ಹೊಗೆಸೊಪ್ಪು ಬೇರೆ ಜಾತಿ, ಒಣಗಿಸುವ ಕ್ರಮವೂ ಬೇರೆ. ಆದರೂ ಎರಡರಲ್ಲೂ ಲೆಕ್ಕ ಹಾಕುವುದು ಹದವನ್ನೇ. ಬ್ಯಾರನ್ನಿನ ಬೆಂಕಿ ಆರಿಸಿದ ಕೂಡಲೇ ಎಲೆಯನ್ನು ಮುಟ್ಟಿದರೆ ಪುಡಿಪುಡಿಯಾಗುತ್ತದೆ. ಬಾಗಿಲು ತೆರೆದು ಇರುಳಿನ ತಣ್ಣನೆಯ ಗಾಳಿ ಕುಡಿಸಿದ ಮೇಲೆ ಅದು ಬಟ್ಟೆಯಂತೆ ಮಡಚಿಕೊಳ್ಳುತ್ತದೆ. ಆಗ ಮಾತ್ರ ಇಳಿಸುತ್ತೇವೆ. ಅದಕ್ಕಿಂತ ತೇವ ಹೆಚ್ಚಾದರೆ ಒಟ್ಟಿದ ರಾಶಿ ಒಳಗೇ ಕಾವು ಕಟ್ಟಿ ಬೂಷ್ಟು ಬರುತ್ತದೆ.

ಅಜ್ಜಿಯವರ ಹೊಗೆಸೊಪ್ಪನ್ನು ಮೊದಲು ಒಣ ಕಾಗದದಲ್ಲಿ ಸುತ್ತಿ, ಬಿಗಿ ಮುಚ್ಚಳದ ಚಿಕ್ಕ ತಗಡಿನ ಡಬ್ಬಿಯಲ್ಲಿಟ್ಟು, ಎಲೆಯ ಬುಟ್ಟಿಯಿಂದಲೂ ಅಡಿಕೆಯ ಅರೆಯಿಂದಲೂ ದೂರವಿಡಿ. ಬಟ್ಟೆಯ ಸಂಚಿಯಲ್ಲಿ ಘಾಟು ತಡೆಯುವುದಿಲ್ಲವಾದ್ದರಿಂದ ಡಬ್ಬಿಯೇ ಬೇಕು. ಮನೆಯಲ್ಲಿ ಮೆಣಸಿನಕಾಯಿ, ಅರಿಸಿನ, ಕೊತ್ತಂಬರಿ ಬೀಜದ ಡಬ್ಬಿಗಳ ಪಕ್ಕದಲ್ಲಿ ಹೊಗೆಸೊಪ್ಪನ್ನು ಇಡಬಾರದು. ಹೊಗೆಸೊಪ್ಪನ್ನು ಕೊರೆಯುವ ಕಂದು ಬಣ್ಣದ ಪುಟ್ಟ ದುಂಬಿಯೇ ಈ ಸಾಂಬಾರ ಪದಾರ್ಥಗಳನ್ನೂ ಕೊರೆಯುತ್ತದೆ. ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ಮಕ್ಕಳ ಕೈಗೆ ಸಿಗದಂತೆ ಇಡುವ ಮಾತು ಸುಣ್ಣಕ್ಕೆ ಎಷ್ಟು ಸಲ್ಲುತ್ತದೆಯೋ ಇದಕ್ಕೂ ಅಷ್ಟೇ ಸಲ್ಲುತ್ತದೆ. ನಿಕೋಟಿನ್ ವಿಷ, ಮಗುವೊಂದು ಚೂರು ನುಂಗಿದರೂ ಆಸ್ಪತ್ರೆಗೆ ಓಡಬೇಕಾಗುತ್ತದೆ.

ಅರಸೀಕೆರೆ–ಮೈಸೂರು ಪ್ರಯಾಣಿಕ

ರೈಲಿನಲ್ಲಿ ಉಗುಳುವ ವಿಷಯವನ್ನು ಯಾರೂ ಎತ್ತಲಿಲ್ಲ. ಬೋಗಿಯಲ್ಲಾಗಲಿ ನಿಲ್ದಾಣದಲ್ಲಾಗಲಿ ಉಗುಳಿ ಗಲೀಜು ಮಾಡಿದರೆ 2012ರ ರೈಲ್ವೆ ನಿಯಮಗಳ ಪ್ರಕಾರ 500 ರೂಪಾಯಿಯವರೆಗೆ ದಂಡ ಹಾಕಬಹುದು. ಮುಚ್ಚಳವಿರುವ ಅಗಲಬಾಯಿಯ ಡಬ್ಬಿಯೊಂದನ್ನು ಪೀಕದಾನಿಯಾಗಿ ಇಟ್ಟುಕೊಂಡು, ತಳದಲ್ಲಿ ಸ್ವಲ್ಪ ಮರಳನ್ನೋ ಕಾಗದದ ಚೂರನ್ನೋ ಹಾಕಿದರೆ ತುಳುಕುವುದಿಲ್ಲ. ವಾಪಸು ಬರುವಾಗ ವಿಮಾನದಲ್ಲಿ ಬರುವ ಆಲೋಚನೆ ಇದ್ದರೆ ಅಡಕತ್ತರಿಯನ್ನು ಕೈಚೀಲದಲ್ಲಿ ಇಡಬೇಡಿ. ಹರಿತವಾದ ಉಪಕರಣವೆಂದು ತಪಾಸಣೆಯಲ್ಲಿ ತೆಗೆದುಕೊಳ್ಳುತ್ತಾರೆ. ಒಪ್ಪಿಸುವ ಪೆಟ್ಟಿಗೆಯಲ್ಲಿ ಹಾಕಿ.

ಕುವೆಂಪುನಗರದ ಮೊಮ್ಮಗ

ಇನ್ನೊಂದು ಸಂಶಯ ಉಳಿದಿದೆ. ಒಯ್ದ ಎಲೆ ರೈಲಿನ ದಾರಿಗೆ ಸಾಕಾಗಬಹುದು, ಆದರೆ ಅಲ್ಲಿ ಉಳಿಯುವ ದಿನಗಳಿಗೆ ಅದು ತಾಳಲಾರದು. ಅಲ್ಲಿ ಏನು ಮಾಡಬೇಕು?

ಎಲೆ ಮಂಡಿಯವರು

ಕಾಶಿಯಲ್ಲಿ ಎಲೆಗೆ ಬರವಿಲ್ಲ. ಬನಾರಸಿ ಪಾನಿಗೆ 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಆದರೆ ಅಲ್ಲಿನವರು ಎಲೆಯನ್ನು ಬುಟ್ಟಿಗಳಲ್ಲಿ ಮುಚ್ಚಿಟ್ಟು ಕಾವು ಕೊಟ್ಟು ಮಾಗಿಸುತ್ತಾರೆ. ಹಾಗೆ ಮಾಗಿದ ಎಲೆ ಹಸಿರು ಕಳೆದುಕೊಂಡು ತಿಳಿಹಳದಿಗೆ, ಬಿಳುಪಿಗೆ ತಿರುಗಿ ಬಾಯಲ್ಲಿ ಕರಗುವಷ್ಟು ಮೆತ್ತಗಾಗುತ್ತದೆ. ನಮ್ಮ ಕಡೆಯವರು ಅದನ್ನು ನೋಡಿದೊಡನೆ ಹಳತೆಂದು ಬದಿಗೆ ಸರಿಸುತ್ತಾರೆ. ಅದು ಕೆಟ್ಟ ಎಲೆಯಲ್ಲ ಎಂದು ಅಜ್ಜಿಯವರಿಗೆ ಮೊದಲೇ ತಿಳಿಸಿ ಹೇಳಿ. ಒಮ್ಮೆ ರುಚಿ ನೋಡಿಯೂ ಒಗ್ಗದಿದ್ದರೆ ಮಾಗಿಸದ ಹಸಿರೆಲೆಯನ್ನೇ ಕೊಡಿ ಎಂದು ಅಂಗಡಿಯಲ್ಲಿ ಕೇಳಿ, ಆ ದಿನಕ್ಕೆ ಬೇಕಾದಷ್ಟನ್ನೇ ಕೊಂಡು, ಇಲ್ಲಿಂದ ಒಯ್ದ ಬಟ್ಟೆಯನ್ನು ಚೆನ್ನಾಗಿ ಒಗೆದು ಹಿಂಡಿ ಅದರಲ್ಲೇ ಸುತ್ತಿಡಿ. ಹಳೆಯ ಎಲೆ ಉಳಿದಿದ್ದರೆ ಹೊಸದರ ಜೊತೆ ಬೆರೆಸಬೇಡಿ. ಅಡಿಕೆ ಮತ್ತು ಸುಣ್ಣ ನಿಮ್ಮ ಮನೆಯವೇ ಇರುತ್ತವೆ, ಅಲ್ಲಿನ ಎಲೆಯಲ್ಲಿಯೂ ಅವರಿಗೆ ಪರಿಚಿತವಾದ ರುಚಿ ಬಹುಮಟ್ಟಿಗೆ ಸಿಗುತ್ತದೆ.